ಬಾರದ ಬೆಳಕು ಕಂಡಾಗ

ತೀರಾ ಮಸುಕಾದ ಬೆಳಕನ್ನು ಹಿಡಿಯೋದು ಕಷ್ಟ ಅಂತ ಎಲ್ಲರಿಗೂ ಗೊತ್ತು. ಅಷ್ಟೇ ಕಷ್ಟದ ಇನ್ನೊಂದು ಕೆಲಸ ಇದೆ: ಬೆಳಕು ಬರದೇ ಇದ್ದಾಗ ‘ಬಂದಿಲ್ಲ’ ಅಂತ ಹೇಳೋದು.

2002ರಲ್ಲಿ ಡೇನಿಯಲ್ ಜೇಮ್ಸ್ ಮತ್ತು ಪಾಲ್ ಕ್ವಿಯಾಟ್ ಎಂಬ ಭೌತವಿಜ್ಞಾನಿಗಳು ಒಂದು ಉಪಾಯ ಮುಂದಿಟ್ಟರು. ಒಂದು ಡಬ್ಬಿಯಲ್ಲಿ ಸೀಸಿಯಂನಂಥ ಲೋಹದ ಆವಿ ತುಂಬಿ, ಅದರ ಪರಮಾಣುಗಳನ್ನೆಲ್ಲ ಮೊದಲು ಒಂದೇ ಸ್ಥಿತಿಗೆ ತರಬೇಕು. ಆಮೇಲೆ ಮಸುಕು ಬೆಳಕನ್ನು ಒಳಗೆ ಬಿಡಬೇಕು, ಜೊತೆಗೊಂದು ಲೇಸರ್. ಬಂದ ಒಂದೇ ಒಂದು ಫೋಟಾನು ಒಂದು ಪರಮಾಣುವಿನಲ್ಲಿ ಕರಗಿ, ಅದನ್ನು ಬೇರೊಂದು ಸ್ಥಿತಿಗೆ ತಳ್ಳುತ್ತೆ. ಹೊರಗೆ ಏನೂ ಕಾಣಿಸಲ್ಲ. ಈಗ ಇನ್ನೊಂದು ಲೇಸರ್ ಹಾಯಿಸಿದರೆ, ಸ್ಥಿತಿ ಬದಲಾದ ಪರಮಾಣು ಮಾತ್ರ ಮತ್ತೆ ಮತ್ತೆ ಮಿನುಗಿ, ಕ್ಯಾಮೆರಾಗೆ ಸಿಗುವಷ್ಟು ಬೆಳಕು ಕೊಡುತ್ತೆ. ನಮ್ಮ ಮಾವಳ್ಳಿಯಿಂದ ಹತ್ತು ಕಿಲೋಮೀಟರ್ ಒಳಗೇ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ರುಬಿಡಿಯಂ ಪರಮಾಣುಗಳಿಗೂ ಬೆಳಕಿಗೂ ನಡೆಯುವ ಇಂಥ ವ್ಯವಹಾರದ ಮೇಲೆ ಸಂಶೋಧನೆ ನಡೆಯುತ್ತಿದೆ.

ಈ ಉಪಾಯದಲ್ಲಿ ಒಂದು ತೊಡಕಿದೆ. ಡಬ್ಬಿಯಲ್ಲಿ ನೂರು ಕೋಟಿ ಪರಮಾಣುಗಳಿವೆ ಅಂತಿಟ್ಟುಕೊಳ್ಳಿ. ಶುರುವಿನಲ್ಲಿ ಅವನ್ನು ಸಿದ್ಧಪಡಿಸುವಾಗ ಕೋಟಿಗೊಂದು ತಪ್ಪಿಸಿಕೊಂಡು, ಮೊದಲೇ ಆ ಇನ್ನೊಂದು ಸ್ಥಿತಿಯಲ್ಲಿ ಉಳಿದುಬಿಟ್ಟರೂ ನೂರು ಸುಳ್ಳು ಸಾಕ್ಷಿಗಳಾದವು. ಬೆಳಕು ಬಂತಾ ಅಂತ ಕೇಳಿದರೆ ಅವೂ ಮಿನುಗುತ್ತವೆ. ನಿಜವಾಗಿ ಫೋಟಾನು ಕಂಡಿದ್ದು ಯಾವುದು, ಕಾಣದೇ ಹೇಳುತ್ತಿರೋದು ಯಾವುದು ಅಂತ ಆ ಮಿನುಗಿನಿಂದ ಗೊತ್ತಾಗಲ್ಲ.

ಮನುಷ್ಯರ ವಿಷಯದಲ್ಲೂ ನನಗೆ ಭಯ ಹುಟ್ಟಿಸೋದು ಇದೇ. 2018ರ ಮೇ ತಿಂಗಳಲ್ಲಿ, ಇಲ್ಲೇ ಹತ್ತಿರದ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಹೊಟ್ಟೆಪಾಡಿಗೆ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಅಂತ ಗುಂಪೊಂದು ಹೊಡೆದು ಕೊಂದಿತು. ಅದಕ್ಕೆ ಮುಂಚೆಯೇ ವಾಟ್ಸಾಪ್‌ನಲ್ಲಿ ಮಕ್ಕಳ ಕಳ್ಳರ ವದಂತಿ ಹರಿದಾಡುತ್ತಿತ್ತು. ಜನ ಆಗಲೇ ಆ ಸ್ಥಿತಿಗೆ ಬಂದಾಗಿತ್ತು. ಅಪರಿಚಿತ ಮುಖ ಕಂಡದ್ದೇ ತಡ, ಎಲ್ಲರೂ ಮಿನುಗಿದರು.

ಹಾಗಾದ್ರೆ ಸಣ್ಣಪುಟ್ಟ ಸೂಚನೆಗಳನ್ನೆಲ್ಲ ತಳ್ಳಿಹಾಕೋದೇ ಕ್ಷೇಮವಾ? ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಈ ಆಸೆ ದಿನಾ ಬರುತ್ತೆ. ಅಲರ್ಟ್ ಮಿತಿಯನ್ನು ಸ್ವಲ್ಪ ಮೇಲೆ ಎತ್ತಿದರೆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಬಹುದು. ಆದರೆ ನಿಜವಾಗಿ ಕೆಟ್ಟಿದ್ದೂ ಸದ್ದಿಲ್ಲದೆ ಕೆಡುತ್ತೆ. ಊರಿಂದ ಅವ್ವ ಫೋನಿನಲ್ಲಿ “ಏನಿಲ್ಲ ಬಿಡು, ಚೆನ್ನಾಗಿವ್ನಿ” ಅಂದಾಗ, ದನಿ ಒಂದು ಎಳೆಯಷ್ಟು ತಗ್ಗಿರುತ್ತೆ. ಅದು ಮಸುಕು ಬೆಳಕೇ. ಮಿತಿ ಎತ್ತಿಟ್ಟ ಕಿವಿಗೆ ಅದು ಕೇಳಿಸೋದೇ ಇಲ್ಲ. “ರಾತ್ರಿ ಏನ್ ಉಂಡೆ?” ಅಂತ ಎರಡನೇ ಪ್ರಶ್ನೆ ಕೇಳಿದಾಗಲೇ ಜ್ವರ ಬಂದು ಎರಡು ದಿನ ಆಗಿದೆ ಅನ್ನೋದು ಹೊರಗೆ ಬರೋದು. ಆ ಪ್ರಶ್ನೆಯೇ ಇಲ್ಲಿ ಎರಡನೇ ಲೇಸರ್.

ಮಿತಿ ಎಲ್ಲಿಡಬೇಕು ಅಂತ ಯಾವ ಉಪಕರಣವೂ ತಾನಾಗಿ ಹೇಳಲ್ಲ. ಬಂದದ್ದನ್ನು ಕಾಣದಿರೋದು, ಬಾರದ್ದನ್ನು ಕಾಣೋದು, ಈ ಎರಡು ತಪ್ಪುಗಳಲ್ಲಿ ಒಂದನ್ನು ಕಡಿಮೆ ಮಾಡಹೋದರೆ ಸಾಮಾನ್ಯವಾಗಿ ಇನ್ನೊಂದು ಹೆಚ್ಚುತ್ತೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ನೀತಿಯದ್ದು: ನನ್ನ ಅಂದಾಜು ತಪ್ಪಾದರೆ ಬೆಲೆ ತೆರೋರು ಯಾರು? ಅವ್ವನ ವಿಷಯದಲ್ಲಿ ಸುಮ್ಮನೆ ಗಾಬರಿಯಾದರೆ ನನಗೆ ಊರಿನ ಬಸ್ ಚಾರ್ಜು ದಂಡ. ಗಾಬರಿಯಾಗದೇ ಹೋದರೆ ದಂಡ ಅವಳಿಗೆ. ಅಲ್ಲಿ ಸಣ್ಣ ಎಳೆಯನ್ನೂ ನಂಬಬೇಕು. ಅಪರಿಚಿತನ ಮೇಲೆ ಅನುಮಾನ ಬಂದಾಗ ಲೆಕ್ಕ ತಿರುಗುತ್ತೆ. ತಪ್ಪು ನನ್ನದು, ಪ್ರಾಣ ಅವನದು. ಅಲ್ಲಿ ಕೈ ಎತ್ತುವ ಮುಂಚೆ ಎಷ್ಟು ಸಾಕ್ಷಿ ಸಿಕ್ಕಿದರೂ ಕಡಿಮೆಯೇ. ಅನುಮಾನ ನಿಜವೇ ಆಗಿದ್ದರೂ ಪೊಲೀಸರನ್ನು ಕರೆಯಬಹುದು, ಹೊಡೆಯೋ ಹಕ್ಕು ಯಾರಿಗೂ ಬರಲ್ಲ.

ಈ ಎರಡಕ್ಕೂ ಮೊದಲು ಡಬ್ಬಿಯನ್ನು ಸಿದ್ಧಪಡಿಸುವ ಕೆಲಸ ಇದ್ದೇ ಇದೆ. ಏನನ್ನಾದರೂ ‘ಕಂಡೆ’ ಅನ್ನೋ ಮುಂಚೆ, ನೋಡೋಕೆ ಹೊರಟಾಗ ನಾನು ಯಾವ ಸ್ಥಿತಿಯಲ್ಲಿದ್ದೆ ಅಂತ ಕೇಳಿಕೊಳ್ಳೋದು. ಆವಿಗೆ ಇದನ್ನು ಲೇಸರ್ ಮಾಡಿಕೊಡುತ್ತೆ. ನಮಗೆ ನಾವೇ ಮಾಡಿಕೊಳ್ಳಬೇಕು, ಅದೂ ಪ್ರತಿ ಸಲ ಹೊಸದಾಗಿ.