ಹದಿಹರೆಯದ ವಿಧೇಯತೆಗೆ ಬೆಲೆ ಬರುವುದು ಯಾವಾಗ?

ಎನ್‌ಸಿಸಿಯ ನೌಕಾ ವಿಭಾಗಕ್ಕೆ ಸೇರುವ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ಮೊದಲು ಕಲಿಯುವುದು ಹೇಳಿದಂತೆ ಕೇಳುವುದನ್ನು. ಸಾವಧಾನ್ ಎಂದರೆ ನೆಟ್ಟಗೆ ನಿಲ್ಲಬೇಕು, ವಿಶ್ರಾಮ್ ಎನ್ನುವವರೆಗೆ ಅಲುಗಾಡಬಾರದು. ಹಗ್ಗದ ಗಂಟುಗಳು, ಬಾವುಟದ ಸಂಜ್ಞೆಗಳು, ದೋಣಿ ನಡೆಸುವುದು ಎಲ್ಲ ಆಮೇಲಿನ ಮಾತು. ಮನಸ್ಸು ಇನ್ನೂ ರೂಪುಗೊಳ್ಳುತ್ತಿರುವ ವಯಸ್ಸಿನಲ್ಲಿ ಹೀಗೆ ಇನ್ನೊಬ್ಬರ ಆಜ್ಞೆಗೆ ಒಳಪಡುವುದು ಸರಿಯೇ ಎಂಬುದು ಧರ್ಮಜಿಜ್ಞಾಸೆಯ ಪ್ರಶ್ನೆ. ಶಾಲೆಯ ಕಚೇರಿಯಲ್ಲಿ ಅರ್ಜಿ ತುಂಬಿದ ಮಾತ್ರಕ್ಕೆ ಅದು ಬಗೆಹರಿಯುವುದಿಲ್ಲ. ನನ್ನ ನಿಲುವು ಇಷ್ಟು: ಒಪ್ಪಿ ಬಂದವರು, ಕಾರಣ ಕೇಳಬಲ್ಲವರು, ಬೇಡವೆನಿಸಿದರೆ ಬಿಟ್ಟು ಹೋಗಬಲ್ಲವರು ಪಾಲಿಸಿದಾಗ ಮಾತ್ರ ವಿಧೇಯತೆ ಒಂದು ಗುಣ. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿಯುವುದು ಬರಿಯ ಪಳಗಿಸುವಿಕೆ.

ನಮ್ಮ ಕಾನೂನು ಈ ಸೂಕ್ಷ್ಮವನ್ನು ಆರಂಭದಲ್ಲೇ ಗುರುತಿಸಿತ್ತು. ಹೃದಯನಾಥ ಕುಂಜ್ರು ಅವರ ಸಮಿತಿಯ ಶಿಫಾರಸಿನ ಮೇಲೆ 1948ರಲ್ಲಿ ಬಂದ ಎನ್‌ಸಿಸಿ ಕಾಯ್ದೆಯ ಪ್ರಕಾರ ವಿದ್ಯಾರ್ಥಿ ತಾನಾಗಿಯೇ ಮುಂದೆ ಬರಬೇಕು. ಕೆಡೆಟ್ ಆದ ಕಾರಣಕ್ಕೆ ಯಾರೂ ಸೈನ್ಯದ ಸಕ್ರಿಯ ಸೇವೆಗೆ ಬದ್ಧರಾಗುವುದಿಲ್ಲ. ನೌಕಾ ವಿಭಾಗ ಶುರುವಾದದ್ದು 1952ರಲ್ಲಿ. ಚೀನಾ ಯುದ್ಧದ ಬಿಸಿಯಲ್ಲಿ, 1963ರಲ್ಲಿ, ಎನ್‌ಸಿಸಿಯನ್ನು ಕಾಲೇಜುಗಳಲ್ಲಿ ಕಡ್ಡಾಯ ಮಾಡಲಾಯಿತು. 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಆ ಹಿಂತೆಗೆತವನ್ನು ಆಡಳಿತದ ಅನುಕೂಲ ಎಂದಷ್ಟೇ ಓದುವುದು ಸಾಲದು. ಕಡ್ಡಾಯ ಎಂದಾಗ ಮೈದಾನದಲ್ಲಿ ಸಾಲುಗಳೇನೋ ಉದ್ದವಾಗುತ್ತವೆ, ಆದರೆ ಅಲ್ಲಿ ನಿಂತವನ ಶಿಸ್ತು ಅವನದಾಗಿ ಉಳಿಯುವುದಿಲ್ಲ.

ಅಹಿಂಸೆಯ ಕಡೆಯಿಂದ ಬರುವ ಆಕ್ಷೇಪಣೆ ಗಂಭೀರವಾದದ್ದು: ಸಮವಸ್ತ್ರವೇ ಮಗುವಿನ ಕಣ್ಣಿಗೆ ಯುದ್ಧವನ್ನು ಸಹಜಗೊಳಿಸುತ್ತದೆ. ಹಿಂಸೆಯ ಬಗ್ಗೆ ಅತ್ಯಂತ ಕಟ್ಟುನಿಟ್ಟಾಗಿ ಯೋಚಿಸಿದ ಜೈನರು ಕೂಡ ಗೃಹಸ್ಥನಿಗೆ ಸಂಕಲ್ಪ ಹಿಂಸೆಯನ್ನು ಪೂರ್ತಿಯಾಗಿ ನಿಷೇಧಿಸಿ, ರಕ್ಷಣೆಗಾಗಿ ಅನಿವಾರ್ಯವಾಗುವ ವಿರೋಧಿ ಹಿಂಸೆಯನ್ನು ಬೇರೆಯಾಗಿಯೇ ಎಣಿಸಿದರು. ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಗಂಗರ ದಂಡನಾಯಕ. ಅವನು ಕಲ್ಲಿನಲ್ಲಿ ನಿಲ್ಲಿಸಿದ್ದು ಗೆದ್ದ ಮೇಲೂ ರಾಜ್ಯವನ್ನು ಬಿಟ್ಟುಕೊಟ್ಟ ಬಾಹುಬಲಿಯನ್ನು. ಶಸ್ತ್ರ ಬಲ್ಲವನಿಗೆ ಶಸ್ತ್ರ ಕೆಳಗಿಡುವ ವಿವೇಕವೂ ಬೇಕೆಂಬುದು ಹೀಗೆ ನಮ್ಮ ನೆಲದಲ್ಲೇ ಚೆನ್ನಾಗಿ ಗೊತ್ತಿದ್ದ ಸಂಗತಿ. ಆದರೆ ಈ ಉತ್ತರಕ್ಕೂ ಒಂದು ಮಿತಿಯಿದೆ. ಚಾವುಂಡರಾಯ ಪ್ರಬುದ್ಧ, ಹದಿಮೂರರ ಮಗುವಿಗೆ ಅಂಥ ವಿವೇಚನೆಯನ್ನು ಆರೋಪಿಸಲಾಗದು. ಮಕ್ಕಳ ಹಕ್ಕುಗಳ ಒಡಂಬಡಿಕೆಗೆ 2000ದಲ್ಲಿ ಸೇರಿದ ಐಚ್ಛಿಕ ಪ್ರೋಟೊಕಾಲ್ ಹದಿನೆಂಟು ತುಂಬದವರ ಕಡ್ಡಾಯ ಸೇನಾ ಭರ್ತಿಯನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ. ಕೆಡೆಟ್ ತರಬೇತಿ ಭರ್ತಿಯಲ್ಲ. ಅದು ಭರ್ತಿಯ ಹಿಂಬಾಗಿಲಾಗದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಹಿರಿಯರದು.

ಆಜ್ಞಾಪಾಲನೆ ಆತ್ಮಸಾಕ್ಷಿಯನ್ನು ಮೊಂಡಾಗಿಸುತ್ತದೆ ಎಂಬ ಇನ್ನೊಂದು ಆಕ್ಷೇಪಣೆಗೆ ನೌಕಾ ತರಬೇತಿಯ ಒಳಗೇ ಉತ್ತರ ಹುಡುಕಬಹುದು. ವೇಲರ್ ದೋಣಿಯಲ್ಲಿ ಹುಟ್ಟು ಹಾಕುವವರು ಐವರು, ಚುಕ್ಕಾಣಿ ಹಿಡಿಯುವವರು ಒಬ್ಬರು. ಹುಟ್ಟು ಹಾಕುವವರ ಬೆನ್ನು ದೋಣಿ ಸಾಗುವ ದಿಕ್ಕಿಗೆ. ಅವರಿಗೆ ಕಾಣುವುದು ಹಿಂದೆ ಬಿಟ್ಟ ನೀರು ಮತ್ತು ಚುಕ್ಕಾಣಿಯವನ ಮುಖ. ಒಬ್ಬ ತನ್ನ ಮನಸ್ಸಿಗೆ ಬಂದ ಗತಿಯಲ್ಲಿ ಎಳೆದರೂ ಹುಟ್ಟುಗಳು ಒಂದಕ್ಕೊಂದು ಬಡಿದು ದೋಣಿ ವಾಲುತ್ತದೆ. ಆಜ್ಞೆ ಏಕೆ ಬೇಕು ಎಂಬುದನ್ನು ಇಲ್ಲಿ ಯಾರೂ ಭಾಷಣ ಮಾಡಿ ಹೇಳಬೇಕಿಲ್ಲ, ನೀರೇ ಹೇಳುತ್ತದೆ. ಮೀನಿಗೆ ಹೋಗುವ ಕರಾವಳಿಯ ದೋಣಿಗಳಲ್ಲಿ ದೋಣಿಯ ಮುಖ್ಯಸ್ಥನಾದ ತಾಂಡೇಲನ ಮಾತಿಗೆ ತೂಕ ಬಂದಿರುವುದೂ ಹೀಗೆಯೇ. ಎಲ್ಲಕ್ಕಿಂತ ಮುಖ್ಯವಾದದ್ದು, ಇವತ್ತು ಹುಟ್ಟು ಹಾಕಿದ ಹುಡುಗಿ ನಾಳೆ ಚುಕ್ಕಾಣಿಗೆ ಕೂರಬೇಕು. ಆಜ್ಞೆ ಕೊಡುವ ಭಾರ ಹೊತ್ತವರಿಗೆ ಕೆಟ್ಟ ಆಜ್ಞೆ ಹೇಗಿರುತ್ತದೆಂದು ತಿಳಿಯುತ್ತದೆ. ಈ ಸರದಿಯೇ ಇಲ್ಲದ ಕಡೆ, ವರ್ಷವಿಡೀ ಬರೀ ಕವಾಯತು ಮಾಡಿಸುವ ಕಡೆ, ಆಕ್ಷೇಪಿಸುವವರ ಮಾತನ್ನು ನಾನು ಒಪ್ಪುತ್ತೇನೆ. ಕರ್ತವ್ಯದಲ್ಲಿರುವ ಅಧಿಕಾರಿ ಆಜ್ಞೆಯನ್ನು ಪಾಲಿಸಲಿ, ಆದರೆ ವ್ಯವಸ್ಥೆಯ ತಪ್ಪನ್ನು ಬಹಿರಂಗವಾಗಿ ಹೇಳುವ ಸ್ವಾತಂತ್ರ್ಯವೂ ಅವನಿಗಿರಲಿ ಎಂದು ತತ್ವಜ್ಞಾನಿ ಕಾಂಟ್ 1784ರಲ್ಲೇ ವಾದಿಸಿದ್ದ. ನಮ್ಮ ಮಕ್ಕಳಿಗೆ ಮೊದಲರ್ಧವನ್ನು ಬಹಳ ಚೆನ್ನಾಗಿ ಕಲಿಸುತ್ತೇವೆ, ಎರಡನೆಯದು ಪಠ್ಯದಲ್ಲೇ ಇಲ್ಲ.

ಇವತ್ತು ಐಚ್ಛಿಕತೆಗೆ ಅಪಾಯ ಬಂದಿರುವುದು ಸರ್ಕಾರದ ಆದೇಶದಿಂದಲ್ಲ, ಆಮಿಷದಿಂದ. ಕರ್ನಾಟಕದ ಸಿಇಟಿಯಲ್ಲಿ ಎನ್‌ಸಿಸಿ ಕೋಟಾ ಇದೆ. ಅದಕ್ಕಾಗಿ ಮಗುವನ್ನು ದೂಡುವ ತಂದೆತಾಯಿ ಒಳ್ಳೆಯದನ್ನೇ ಬಯಸುತ್ತಾರೆ, ನಿಜ. ಬಡ ಮನೆಯ ಮಗುವಿಗೆ ಆ ಸೀಟು ಬದುಕನ್ನೇ ಬದಲಿಸಬಹುದು, ಹಾಗಾಗಿ ಕೋಟಾ ತೆಗೆಯಿರಿ ಎನ್ನಲಾರೆ. ಆದರೆ ಸೇರಿಸಿಕೊಳ್ಳುವ ದಿನ ಪೋಷಕರ ಸಹಿಯ ಜೊತೆಗೆ ಮಗುವನ್ನೊಮ್ಮೆ ಪ್ರತ್ಯೇಕವಾಗಿ ಕೂರಿಸಿ ನಿನಗೆ ಇಷ್ಟವಿದೆಯೇ ಎಂದು ಕೇಳಲಿ. ಮೊದಲ ಶಿಬಿರ ಮುಗಿದ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಲಿ, ಆಗ ಇಲ್ಲವೆಂದವರನ್ನು ಹೇಡಿ ಎನ್ನದೆ ಕಳಿಸಿಕೊಡಲಿ.