ಪರದೇಶದ ದುಡಿಮೆ ಮತ್ತು ಧರ್ಮದ ಪ್ರಶ್ನೆ

ಹುಟ್ಟಿದ ನೆಲವನ್ನೂ ಕಲಿತ ವೃತ್ತಿಯನ್ನೂ ಬಿಟ್ಟು ಬೇರೊಂದು ದೇಶದಲ್ಲಿ ಪರಕೀಯರಾಗಿ ದುಡಿದು ಬದುಕುವುದು ಧರ್ಮಕ್ಕೆ ಒಪ್ಪುತ್ತದೆಯೇ ಎಂಬುದು ಭಾರತೀಯ ಚಿಂತನೆಯ ಹಳೆಯ ಪ್ರಶ್ನೆಗಳಲ್ಲೊಂದು. ಶಾಸ್ತ್ರಗಳಲ್ಲಿ ಇದಕ್ಕೆ ಒಂದೇ ಕಡೆ ಉತ್ತರ ಸಿಗುವುದಿಲ್ಲ. ದೇಶ ಬಿಡುವ ಮಾತು ಆಚಾರ ಮತ್ತು ಪ್ರಾಯಶ್ಚಿತ್ತದ ಪ್ರಕರಣಗಳಲ್ಲಿ ಬರುತ್ತದೆ, ವೃತ್ತಿ ಬಿಡುವ ಮಾತು ಆಪದ್ಧರ್ಮದಲ್ಲಿ. ಮನೆಯಲ್ಲಿ ಉಳಿದವರ ಮಾತು ಋಣದ ವಿಚಾರಕ್ಕೆ ಸೇರಿದ್ದು. ಈ ಮೂರರಲ್ಲಿ ಅತಿ ಹೆಚ್ಚು ಗಲಾಟೆಯಾದದ್ದು ಮೊದಲನೆಯದರ ಸುತ್ತ. ಆದರೆ ಇಂದಿಗೂ ಬಿಡದೆ ಕಾಡುವುದು ಕೊನೆಯದು.

ನೆಲದ ಶುದ್ಧಿ ಕುರಿತ ಗಡಿರೇಖೆ ಒಂದು ಕಾಲಕ್ಕೆ ಬಹಳ ಕಿರಿದಾಗಿತ್ತು. ಹಿಮಾಲಯ ಮತ್ತು ವಿಂಧ್ಯ ಪರ್ವತಗಳ ನಡುವೆ, ಎರಡು ಸಮುದ್ರಗಳವರೆಗೆ ಹಬ್ಬಿದ ನಾಡನ್ನು ಮನುಸ್ಮೃತಿ ಆರ್ಯಾವರ್ತವೆಂದು ಕರೆಯುತ್ತದೆ. ಕೃಷ್ಣಮೃಗ ತಾನಾಗಿ ಅಡ್ಡಾಡುವ ನೆಲ ಯಜ್ಞಕ್ಕೆ ಯೋಗ್ಯ, ಅದರಾಚೆ ಮ್ಲೇಚ್ಛದೇಶ ಎಂಬುದು ಅದರ ಲೆಕ್ಕ. ಬೌಧಾಯನ ಧರ್ಮಸೂತ್ರ ಇನ್ನೂ ಬಿಗಿ: ವಂಗ, ಕಳಿಂಗ, ಸೌವೀರ ಮೊದಲಾದ ನಾಡುಗಳಿಗೆ ಕಾಲಿಟ್ಟು ಬಂದವನು ಶುದ್ಧಿಗಾಗಿ ಯಾಗ ಮಾಡಬೇಕು ಎನ್ನುತ್ತದೆ. ಈ ಗೆರೆಯನ್ನು ಅಕ್ಷರಶಃ ಒಪ್ಪಿದರೆ ತುಂಗಭದ್ರೆ, ಕಾವೇರಿಗಳ ಕಣಿವೆಗಳೂ ಹೊರಗೇ ಉಳಿಯುತ್ತವೆ. ಆದರೂ ಅಲ್ಲೆಲ್ಲ ಅಗ್ರಹಾರಗಳು ಎದ್ದವು, ಯಾಗಗಳು ನಡೆದವು. ಜನ ನಡೆದ ಹಾಗೆ ಗಡಿಯೂ ಸರಿಯಿತು. ಮನುವಿನ ಭಾಷ್ಯಕಾರ ಮೇಧಾತಿಥಿ ಇದಕ್ಕೆ ತಕ್ಕ ಸಿದ್ಧಾಂತವನ್ನೂ ಒದಗಿಸಿದ. ಭೂಮಿ ತಾನಾಗಿ ದೋಷಯುಕ್ತವಲ್ಲ, ಅಲ್ಲಿನ ಆಚಾರದಿಂದ ಹಾಗಾಗುತ್ತದೆ. ಒಳ್ಳೆಯ ನಡತೆಯ ಅರಸನೊಬ್ಬ ಮ್ಲೇಚ್ಛದೇಶವನ್ನು ಗೆದ್ದು ಅಲ್ಲಿ ವರ್ಣಾಶ್ರಮ ನೆಲೆಗೊಳಿಸಿದರೆ ಅದೂ ಯಜ್ಞಭೂಮಿಯೇ ಎಂಬುದು ಅವನ ನಿಲುವು. ಅವನು ಇದನ್ನು ಹೇಳಿದ್ದು ಅರಸನ ಗೆಲುವಿನ ಸಂದರ್ಭದಲ್ಲಿ, ಕೂಲಿಗೆ ಹೋದವನ ಸಂದರ್ಭದಲ್ಲಲ್ಲ. ಆದರೆ ನೆಲಕ್ಕೆ ಮೈಲಿಗೆಯಿಲ್ಲ ಎಂಬ ಮಾತು ಒಮ್ಮೆ ಒಪ್ಪಿಗೆಯಾದ ಮೇಲೆ ಅದನ್ನು ಅರಸನಿಗಷ್ಟೇ ಮೀಸಲಿಡುವುದಕ್ಕೆ ಕಾರಣ ಉಳಿಯುವುದಿಲ್ಲ.

ಸಮುದ್ರಯಾನದ ವಿಷಯದಲ್ಲಿ ಗ್ರಂಥಗಳ ದನಿ ಒಂದೇ ಅಲ್ಲ. ಬೌಧಾಯನ ತನ್ನ ಮೊದಲ ಭಾಗದಲ್ಲೇ ಉತ್ತರದವರಿಗೆ ಮತ್ತು ದಕ್ಷಿಣದವರಿಗೆ ವಿಶಿಷ್ಟವಾದ ಆಚಾರಗಳನ್ನು ಪಟ್ಟಿ ಮಾಡುತ್ತಾನೆ. ಸೋದರಮಾವನ ಮಗಳನ್ನು ಮದುವೆಯಾಗುವುದು, ತಂಗಳು ಉಣ್ಣುವುದು ದಕ್ಷಿಣದವರ ರೂಢಿ; ಉಣ್ಣೆ ಮಾರುವುದು, ಕಡಲ ಮೇಲೆ ಹೋಗುವುದು ಉತ್ತರದವರದು. ಅವರವರ ನಾಡಿನಲ್ಲಿ ಅವರವರ ರೂಢಿ ನಡೆಯುತ್ತದೆ, ಒಬ್ಬರದನ್ನು ಇನ್ನೊಬ್ಬರು ಮಾಡಿದರೆ ದೋಷ ಎಂಬ ಅಭಿಪ್ರಾಯವನ್ನು ಮುಂದಿಟ್ಟು, ಗೌತಮ ಇದನ್ನು ಒಪ್ಪುವುದಿಲ್ಲ ಎಂದೂ ಸೇರಿಸುತ್ತಾನೆ. ಮುಂದೆ ಪ್ರಾಯಶ್ಚಿತ್ತದ ಪ್ರಕರಣದಲ್ಲಿ ಅದೇ ಸಮುದ್ರಯಾನ ಪತನಕ್ಕೆ ಕಾರಣವಾಗುವ ಕೃತ್ಯಗಳ ಸಾಲಿಗೆ ಸೇರುತ್ತದೆ. ಶಿಕ್ಷೆಯೂ ಸಣ್ಣದಲ್ಲ: ಮೂರು ವರ್ಷ ನಾಲ್ಕನೆಯ ಹೊತ್ತಿಗೊಮ್ಮೆ ಮಿತವಾದ ಊಟ, ದಿನಕ್ಕೆ ಮೂರು ಸ್ನಾನ, ಹಗಲೆಲ್ಲ ನಿಂತು ರಾತ್ರಿಯೆಲ್ಲ ಕುಳಿತು ಕಳೆಯುವ ವ್ರತ. ಮನುಸ್ಮೃತಿ ಕಡಲಯಾನ ಮಾಡಿದವನನ್ನು ಶ್ರಾದ್ಧದ ಪಂಕ್ತಿಗೆ ಕರೆಯಬಾರದೆನ್ನುತ್ತದೆ. ಅದೇ ಸ್ಮೃತಿ ಎಂಟನೆಯ ಅಧ್ಯಾಯದಲ್ಲಿ, ಸಾಲದ ಬಡ್ಡಿಯನ್ನು ನಿಗದಿ ಮಾಡುವ ಕೆಲಸವನ್ನು ಕಡಲಯಾನದಲ್ಲಿ ನುರಿತವರಿಗೆ ಒಪ್ಪಿಸುತ್ತದೆ. ಹಡಗು ಹೋಗುತ್ತಿತ್ತು, ಹೋದವರ ಅನುಭವ ಸಮಾಜಕ್ಕೆ ಬೇಕಾಗಿತ್ತು, ಊಟಕ್ಕೆ ಮಾತ್ರ ಅವರು ಬೇಡವಾಗಿದ್ದರು.

ಮಧ್ಯಯುಗದಲ್ಲಿ ನಿಬಂಧಕಾರರು ಕಲಿವರ್ಜ್ಯಗಳನ್ನು, ಅಂದರೆ ಹಿಂದಿನ ಯುಗಗಳಲ್ಲಿ ನಡೆಯುತ್ತಿದ್ದು ಕಲಿಯುಗದಲ್ಲಿ ಕೂಡದ ಆಚರಣೆಗಳನ್ನು, ಕ್ರೋಡೀಕರಿಸಿದರು. ಧರ್ಮಶಾಸ್ತ್ರದ ಇತಿಹಾಸಕಾರ ಪಾಂಡುರಂಗ ವಾಮನ ಕಾಣೆಯವರು ಇಂಥ ಐವತ್ತಕ್ಕೂ ಹೆಚ್ಚು ನಿಷೇಧಗಳನ್ನು ವಿವರಿಸಿದ್ದಾರೆ. ಅವುಗಳಲ್ಲೊಂದು ನೇರವಾಗಿ ಈ ವಿಷಯಕ್ಕೆ ಸಂಬಂಧಿಸಿದ್ದು: ಹಡಗೇರಿ ಕಡಲು ದಾಟಿದ ದ್ವಿಜನನ್ನು, ಅವನು ಶುದ್ಧಿ ಮಾಡಿಕೊಂಡಿದ್ದರೂ, ಮತ್ತೆ ಸೇರಿಸಿಕೊಳ್ಳಬಾರದು. ಇಡೀ ಚರ್ಚೆಯ ತಿರುಳು ಈ ಒಂದು ವಿಧಿಯಲ್ಲಿದೆ. ಪ್ರಾಯಶ್ಚಿತ್ತದಿಂದ ಪಾಪ ಹೋಗುತ್ತದೆ ಎಂದು ಅದು ಒಪ್ಪುತ್ತದೆ, ಆದರೂ ಬಾಗಿಲು ತೆರೆಯುವುದಿಲ್ಲ. ಅಂದಮೇಲೆ ನಿಷೇಧದ ವಿಷಯ ದೋಷವಲ್ಲ. ಯಾರು ಎಲ್ಲಿ ಉಂಡರೋ, ಯಾರ ನೀರು ಕುಡಿದರೋ ಗೊತ್ತಾಗದ ದಾರಿಯಿಂದ ಮರಳಿದವನನ್ನು ತಮ್ಮವನೆಂದು ಒಪ್ಪಬೇಕೇ ಎಂಬ ಕುಲದ ಅಳುಕು ಅದರ ಹಿಂದಿದೆ.

ಈ ವಿಧಿ ಬದುಕಿನಲ್ಲಿ ಹೇಗೆ ನಡೆಯುತ್ತಿತ್ತು ಎಂಬುದು ಗಾಂಧೀಜಿಯವರ ಆತ್ಮಕಥೆಯಲ್ಲಿ ಸ್ಪಷ್ಟವಾಗಿದೆ. 1888ರಲ್ಲಿ ಬ್ಯಾರಿಸ್ಟರ್ ವಿದ್ಯೆಗಾಗಿ ಲಂಡನ್ನಿಗೆ ಹೊರಟಾಗ ಮುಂಬಯಿಯ ಮೋಢ ಬನಿಯಾ ಪಂಚಾಯಿತಿ ಅವರನ್ನು ಜಾತಿಯಿಂದ ಹೊರಗಿಟ್ಟಿತು. ನೆರವಾಗುವವರಿಗೆ, ಬೀಳ್ಕೊಡಲು ಹೋಗುವವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ ಎಂದು ಸಾರಿತು. 1891ರಲ್ಲಿ ಮರಳಿದಾಗ ಅಣ್ಣ ಅವರನ್ನು ನಾಸಿಕಕ್ಕೆ ಕರೆದೊಯ್ದು ಪುಣ್ಯಸ್ನಾನ ಮಾಡಿಸಿದರು, ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಿದರು. ಒಂದು ಪಂಗಡ ಒಳಗೆ ಸೇರಿಸಿತು, ಇನ್ನೊಂದು ಸೇರಿಸಲಿಲ್ಲ. ಆ ಕಟ್ಟಿನಿಂದಾಗಿ ಅವರು ಮಾವನ ಮನೆಯಲ್ಲಿ ನೀರನ್ನೂ ಕುಡಿಯುವಂತಿರಲಿಲ್ಲ. ಕದ್ದು ಕೊಡಲು ಮಾವನ ಮನೆಯವರು ಸಿದ್ಧರಿದ್ದರು, ಕದ್ದು ಕುಡಿಯಲು ಗಾಂಧೀಜಿ ಒಪ್ಪಲಿಲ್ಲ.

ಕರ್ನಾಟಕದಲ್ಲಿ ಈ ಪ್ರಶ್ನೆ ಇಪ್ಪತ್ತೊಂದನೆಯ ಶತಮಾನಕ್ಕೂ ದಾಟಿ ಬಂದಿದೆ. ಧರ್ಮಪ್ರಚಾರಕ್ಕಾಗಿ ವಿದೇಶಗಳಿಗೆ ಹೋಗಿಬಂದ ಉಡುಪಿ ಪುತ್ತಿಗೆ ಮಠದ ಶ್ರೀ ಸುಗುಣೇಂದ್ರತೀರ್ಥರು ಕೃಷ್ಣನ ವಿಗ್ರಹವನ್ನು ಮುಟ್ಟಿ ಪೂಜಿಸಬಹುದೇ ಎಂಬ ವಿವಾದ 2008ರ ಪರ್ಯಾಯದ, ಅಂದರೆ ಕೃಷ್ಣಪೂಜೆಯ ಸರದಿಯ, ಹೊತ್ತಿಗೆ ಅಷ್ಟಮಠಗಳಲ್ಲಿ ಎದ್ದಿತು. 2024ರ ಜನವರಿಯಲ್ಲಿ ಅವರ ಮಠಕ್ಕೆ ಮತ್ತೆ ಪರ್ಯಾಯದ ಸರದಿ ಬಂದು ಅವರೇ ಪೀಠವೇರಿದರು. ಯತಿಗೆ ಗೃಹಸ್ಥನಿಗಿಂತ ಕಟ್ಟುನಿಟ್ಟು ಹೆಚ್ಚು ಎಂಬ ವಾದಕ್ಕೆ ಬೆಲೆಯಿಲ್ಲದಿಲ್ಲ. ಆದರೆ ಕಲಿಯುಗದಲ್ಲಿ ಬಿಡಬೇಕಾದ ಐದು ಆಚರಣೆಗಳನ್ನು ಹೇಳುವ ಪ್ರಸಿದ್ಧ ಸ್ಮೃತಿವಾಕ್ಯದಲ್ಲಿ ಸಂನ್ಯಾಸವೂ ಒಂದು ಎಂಬುದನ್ನು ನೆನೆಯಬೇಕು. ವರ್ಣವಿಭಾಗವೂ ವೇದಾಧ್ಯಯನವೂ ನಡೆದಿರುವವರೆಗೆ ಸಂನ್ಯಾಸಕ್ಕೆ ಅವಕಾಶವುಂಟು ಎಂದು ವ್ಯಾಖ್ಯಾನಕಾರರು ಅದಕ್ಕೆ ವಿನಾಯಿತಿ ಹುಡುಕಿದರು. ಎಲ್ಲ ಮಠಗಳೂ ನಿಂತಿರುವುದು ಆ ವಿನಾಯಿತಿಯ ಮೇಲೆ. ಅಂಥದ್ದೇ ಔದಾರ್ಯ ಕಡಲು ದಾಟಿದವರಿಗೂ ಸಲ್ಲಬೇಕಿತ್ತು.

ವೃತ್ತಿ ಬದಲಿಸುವ ವಿಷಯದಲ್ಲಿ ಶಾಸ್ತ್ರ ಹೆಚ್ಚು ಮೃದು. ಸ್ವಧರ್ಮವನ್ನು ಬಿಡಬೇಡ ಎಂಬ ಗೀತೆಯ ಬೋಧೆ ಎಲ್ಲರಿಗೂ ಗೊತ್ತು. ಹೊಟ್ಟೆಪಾಡು ಕಷ್ಟವಾದಾಗ ಬೇರೆ ವರ್ಣದ ವೃತ್ತಿ ಹಿಡಿಯಬಹುದೆಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯ ವಿಸ್ತಾರವಾಗಿ ಹೇಳಿರುವುದು ಅಷ್ಟು ಪ್ರಚಾರದಲ್ಲಿಲ್ಲ. ವಿದ್ಯೆ, ಕುಶಲಕಲೆ, ಕೂಲಿ, ಊಳಿಗ, ಪಶುಪಾಲನೆ, ವ್ಯಾಪಾರ, ಬೇಸಾಯ, ಬಡ್ಡಿ, ಕಡೆಗೆ ಭಿಕ್ಷೆಯವರೆಗೆ ಎಲ್ಲವನ್ನೂ ಅದು ಆಪತ್ಕಾಲದ ಜೀವನೋಪಾಯವೆಂದು ಎಣಿಸುತ್ತದೆ. ಆದರೆ ಈ ಸಡಿಲಿಕೆ ಮೇಲಿನವರು ಕೆಳಗಿಳಿಯುವುದಕ್ಕೆ ಮಾತ್ರ. ಕೆಳಗಿನವರು ಮೇಲಿನ ವೃತ್ತಿ ಹಿಡಿದರೆ ಅರಸ ಅವರ ಸೊತ್ತನ್ನು ಕಸಿದು ಗಡೀಪಾರು ಮಾಡಬೇಕು ಎಂದೂ ಅಲ್ಲೇ ಹೇಳಿದೆ. ಇದು ಅನ್ಯಾಯ, ಅದನ್ನು ಮರೆಮಾಚಿ ಆಪದ್ಧರ್ಮವನ್ನು ಹೊಗಳುವುದು ಸರಿಯಲ್ಲ.

ದೇಶಾಂತರದಲ್ಲಿ ವೃತ್ತಿ ಬದಲಾದ ಬಹು ಹಳೆಯ ದಾಖಲೆಯೊಂದು ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿದೆ. ಪ್ರಣವೇಶ್ವರ ಗುಡಿಯ ಎದುರಿನ ಕಲ್ಲುಕಂಬದ ಮೇಲೆ, ಐದನೆಯ ಶತಮಾನದಲ್ಲಿ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಶಾಸನ ಮಯೂರಶರ್ಮನ ಕಥೆ ಹೇಳುತ್ತದೆ. ವೇದಾಧ್ಯಯನ ಪೂರೈಸಲು ಅವನು ಗುರು ವೀರಶರ್ಮನೊಂದಿಗೆ ಪಲ್ಲವರ ಕಂಚಿಯ ಘಟಿಕೆಗೆ, ಅಂದರೆ ವಿದ್ಯಾಕೇಂದ್ರಕ್ಕೆ, ಹೋದ. ಅಲ್ಲಿ ಪಲ್ಲವ ಅಶ್ವಸೈನಿಕನೊಂದಿಗೆ ಜಗಳವಾಯಿತು. ಪರವೂರಿನಲ್ಲಿ ಆದ ಆ ಅವಮಾನದಿಂದ ಕೆರಳಿ, ದರ್ಭೆ, ಸಮಿತ್ತು, ಸ್ರುಕ್ಕುಗಳನ್ನು ಹಿಡಿದು ಪಳಗಿದ ಕೈಯಲ್ಲಿ ಕತ್ತಿ ಹಿರಿದ. ಶ್ರೀಪರ್ವತದವರೆಗಿನ ಕಾಡನ್ನು ಹಿಡಿತಕ್ಕೆ ತಂದುಕೊಂಡ. ಕಡೆಗೆ ಪಲ್ಲವರೇ ಅವನನ್ನು ಅರಸನೆಂದು ಮನ್ನಿಸಬೇಕಾಯಿತು. ಶಾಸನದಲ್ಲಿ ಇದಕ್ಕಾಗಿ ನಾಚಿಕೆಯೂ ಇಲ್ಲ, ಪ್ರಾಯಶ್ಚಿತ್ತದ ಮಾತೂ ಇಲ್ಲ. ಕದಂಬ ವಂಶ ತನ್ನ ಹುಟ್ಟನ್ನು ಈ ವೃತ್ತಿಬದಲಾವಣೆಯಿಂದಲೇ ಹೆಮ್ಮೆಯಿಂದ ಎಣಿಸುತ್ತದೆ.

ಪ್ರಶ್ನೆಯ ನೆಲೆಯನ್ನೇ ಬದಲಿಸಿದವರು ಹನ್ನೆರಡನೆಯ ಶತಮಾನದ ಶರಣರು. ಕಾಯಕದ ತತ್ತ್ವದಲ್ಲಿ ಕೆಲಸದ ಯೋಗ್ಯತೆ ಹುಟ್ಟಿನಿಂದಲೂ ಬರುವುದಿಲ್ಲ, ನೆಲದಿಂದಲೂ ಬರುವುದಿಲ್ಲ. ಮಾಡುವವನ ನಿಷ್ಠೆ ಮತ್ತು ಅದರ ಫಲ ಹಂಚಿಹೋಗುವ ಬಗೆ, ಇವೆರಡರಿಂದ ಬರುತ್ತದೆ. ಶರಣರು ನೆಲೆಸಿದ್ದ ಕಲ್ಯಾಣ ಹೊರಗಿನಿಂದ ಬಂದವರ ಊರಾಗಿತ್ತು. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸನಾಗಿದ್ದವನು, ಸಿಂಹಾಸನ ಬಿಟ್ಟು ಹೆಂಡತಿಯೊಡನೆ ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿ ಬದುಕಿದ ಎಂದು ಪರಂಪರೆ ಹೇಳುತ್ತದೆ. ಅರಸ ಕಟ್ಟಿಗೆ ಹೊರುವುದು ಅಲ್ಲಿ ಆಪತ್ತಿನ ಕೆಲಸವಲ್ಲ, ಸಾಧನೆ. ಅವನನ್ನು ಶರಣರು ಸೇರಿಸಿಕೊಂಡದ್ದು ಯಾವ ಶುದ್ಧಿಕರ್ಮ ಮಾಡಿಸಿಯೂ ಅಲ್ಲ. ಕಲಿವರ್ಜ್ಯಕಾರರು ಮುಚ್ಚಿದ ಬಾಗಿಲಿಗೆ ಇಷ್ಟು ನೇರವಾದ ಉತ್ತರ ಬೇರೆಲ್ಲೂ ಸಿಗಲಾರದು.

ಅದೇ ಪರಂಪರೆ ಪರದೇಶದ ದುಡಿಮೆಗೆ ಕಠಿಣವಾದ ಒಂದು ಅಳತೆಗೋಲನ್ನೂ ಇಡುತ್ತದೆ. ಇನ್ನೊಬ್ಬ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದಳು. ದುಡಿಮೆ ಬದುಕಿಗಾಗಿಯೋ, ಕೂಡಿಡುವ ಆಸೆಗಾಗಿಯೋ ಎಂಬ ಅವಳ ಪ್ರಶ್ನೆ ಡಾಲರು, ದಿರ್ಹಮುಗಳ ಸಂಬಳಕ್ಕೂ ಅನ್ವಯಿಸುತ್ತದೆ. ಇನ್ನೊಂದು ತೊಡಕೂ ಇದೆ. ಬೇಡವಾದದ್ದನ್ನು ನಿರಾಕರಿಸುವ ಸ್ವಾತಂತ್ರ್ಯ ದುಡಿಯುವವನಿಗಿದೆ ಎಂದು ಕಾಯಕತತ್ತ್ವ ನಂಬುತ್ತದೆ. ಪರಕೀಯನಿಗೆ ಆ ಸ್ವಾತಂತ್ರ್ಯ ಕಡಿಮೆ. ಅಮೆರಿಕದ ಎಚ್-1ಬಿ ವೀಸಾದಲ್ಲಿರುವವರು ಕೆಲಸ ಕಳೆದುಕೊಂಡರೆ ಸಾಮಾನ್ಯವಾಗಿ 60 ದಿನಗಳೊಳಗೆ ಬೇರೆ ದಾರಿ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಕೊಲ್ಲಿ ನಾಡುಗಳ ಕಫಾಲಾ ಪದ್ಧತಿ ಕಾರ್ಮಿಕನ ವಾಸದ ಹಕ್ಕನ್ನು ಮಾಲೀಕನಿಗೆ ಗಂಟುಹಾಕಿತ್ತು. ಹೀಗೆ ಅಂಜಿ ಮಾಡುವ ಕೆಲಸವನ್ನು ಕಾಯಕವೆನ್ನುವುದು ಕಷ್ಟ. ಅದರ ತಪ್ಪು ಮಾತ್ರ ದುಡಿಯುವವನದಲ್ಲ.

ಹೊರನಾಡಿನಲ್ಲಿ ನೆಲೆಸಿದವರು ಆಚರಣೆಯನ್ನು ಬಿಡದೆ ನೆಲಕ್ಕೆ ಹೊಂದಿಸಿಕೊಂಡಿದ್ದಾರೆ. ಪೂಜೆಯ ಸಂಕಲ್ಪದಲ್ಲಿ ಕರ್ತೃ ತಾನಿರುವ ದೇಶಕಾಲಗಳನ್ನು ಹೇಳಬೇಕು. ಜಂಬೂದ್ವೀಪ, ಭರತವರ್ಷಗಳ ಜಾಗದಲ್ಲಿ ಅಮೆರಿಕದ ಪುರೋಹಿತರು ಕ್ರೌಂಚದ್ವೀಪ, ರಮಣಕವರ್ಷ ಎಂದು ಹೇಳುವ ರೂಢಿಯಿದೆ. ಪುರಾಣದ ಭೂಗೋಳದಲ್ಲಿ ಹೊಸ ನೆಲಕ್ಕೂ ಹೆಸರು ಸಿಕ್ಕಿತು. ಶ್ರಾದ್ಧದ ತಿಥಿಯನ್ನು ಕರ್ತೃವಿರುವ ಊರಿನ ಅಪರಾಹ್ನಕ್ಕೆ ನೋಡಬೇಕಾದ್ದರಿಂದ ಅಲ್ಲಿನ ಊರುಗಳಿಗೇ ಪಂಚಾಂಗ ಗುಣಿಸುತ್ತಾರೆ. ಅಣ್ಣ ಬೆಂಗಳೂರಿನಲ್ಲಿ, ತಮ್ಮ ಕ್ಯಾಲಿಫೋರ್ನಿಯಾದಲ್ಲಿ ತಂದೆಯ ಶ್ರಾದ್ಧವನ್ನು ಬೇರೆ ದಿನಾಂಕಗಳಲ್ಲಿ ಮಾಡುವುದು ಉಂಟು. ಆಸ್ಟ್ರೇಲಿಯದಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮ: ಚೈತ್ರದಲ್ಲಿ ವಸಂತ ಋತು ಎಂದು ಸಂಕಲ್ಪ ಹೇಳುವಾಗ ಹೊರಗೆ ಎಲೆ ಉದುರುವ ಕಾಲ ಶುರುವಾಗಿರುತ್ತದೆ. ಇವೆಲ್ಲ ಬಗೆಹರಿಯುವ ತೊಡಕುಗಳು.

ಬಗೆಹರಿಯದ್ದು ಋಣ. ಮನುಷ್ಯ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಸಾಲಗಾರನಾಗಿಯೇ ಹುಟ್ಟುತ್ತಾನೆ ಎಂಬ ಭಾವನೆ ತೈತ್ತಿರೀಯ ಸಂಹಿತೆಯಷ್ಟು ಹಳೆಯದು. ಮಹಾಭಾರತದ ವನಪರ್ವದ ಧರ್ಮವ್ಯಾಧನ ಕಥೆ ಇದನ್ನು ದೇಶಾಂತರಕ್ಕೆ ಹೊಂದಿಸಿ ಕೇಳುತ್ತದೆ. ಕೌಶಿಕನೆಂಬ ಬ್ರಾಹ್ಮಣ ವೇದ ಕಲಿಯಲು ಮನೆ ಬಿಟ್ಟವನು. ಮಿಥಿಲೆಯ ಮಾಂಸದಂಗಡಿಯ ವ್ಯಾಧ ಅವನಿಗೆ ಧರ್ಮವನ್ನೆಲ್ಲ ವಿವರಿಸಿ, ತನ್ನ ಮನೆಗೆ ಕರೆದೊಯ್ದು, ಉಂಡು ಹಸನಾದ ಬಟ್ಟೆಯುಟ್ಟು ಕುಳಿತ ಮುದಿ ತಂದೆತಾಯಿಯನ್ನು ತೋರಿಸುತ್ತಾನೆ. ತನಗೆ ಇವರೇ ದೇವರು ಎನ್ನುತ್ತಾನೆ. ಆಮೇಲೆ ಕೌಶಿಕನ ತಪ್ಪನ್ನು ಹೆಸರಿಸುತ್ತಾನೆ: ಅವರ ಅಪ್ಪಣೆಯಿಲ್ಲದೆ ಹೊರಟೆ, ನಿನ್ನ ದುಃಖದಲ್ಲಿ ಅವರು ಕುರುಡರಾಗಿದ್ದಾರೆ, ಹಿಂದಿರುಗು. ಕೌಶಿಕ ಕಲಿತದ್ದು ಕೆಟ್ಟ ವಿದ್ಯೆಯಲ್ಲ, ಹೋದದ್ದು ಕೆಟ್ಟ ದೇಶಕ್ಕಲ್ಲ. ವ್ಯಾಧ ಎಣಿಸುವುದು ಎರಡನ್ನೇ, ಕೇಳಿ ಹೋದೆಯಾ ಮತ್ತು ನೋಡಿಕೊಳ್ಳುವವರು ಯಾರು. ತಿಂಗಳಿಗೊಮ್ಮೆ ಕಳಿಸುವ ಹಣ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆಯೂ ಜೀವನಾಂಶವನ್ನು ಕೊಡಿಸಬಲ್ಲದೇ ಹೊರತು ಆಸ್ಪತ್ರೆಯ ಹಾಸಿಗೆಯ ಪಕ್ಕ ಮಗನನ್ನೋ ಮಗಳನ್ನೋ ತಂದು ಕೂರಿಸಲಾರದು.

ಶಂಕರಾಚಾರ್ಯರ ಕಥೆ ಈ ಎರಡು ಪ್ರಶ್ನೆಗಳಿಗೂ ಉತ್ತರ ಕೊಡಲು ಹೆಣಗುತ್ತದೆ. ಕಾಲಡಿಯ ಒಬ್ಬನೇ ಮಗ, ವಿಧವೆ ತಾಯಿ. ಸಂಪ್ರದಾಯದ ಕಥೆಯಂತೆ ಮೊಸಳೆ ಕಾಲು ಹಿಡಿದ ಗಳಿಗೆಯಲ್ಲಿ ಅವರು ತಾಯಿಯಿಂದ ಸಂನ್ಯಾಸಕ್ಕೆ ಅಪ್ಪಣೆ ಪಡೆದರು, ಅಂತ್ಯಕಾಲಕ್ಕೆ ಬಂದೇ ಬರುವೆನೆಂದು ಮಾತು ಕೊಟ್ಟು ಹೊರಟರು. ಸಂನ್ಯಾಸಿಗೆ ಪೂರ್ವಾಶ್ರಮದ ಸಂಬಂಧವಿಲ್ಲ, ಅಪರಕ್ರಿಯೆಯ ಅಧಿಕಾರವೂ ಇಲ್ಲ. ಆದರೂ ಅವರು ಬಂದರು. ಊರಿನ ನೆಂಟರು ಶಾಸ್ತ್ರ ತೋರಿಸಿ ಹೆಗಲು ಕೊಡಲಿಲ್ಲ, ಬೆಂಕಿಯನ್ನೂ ಕೊಡಲಿಲ್ಲ. ಮನೆಯ ಹಿತ್ತಲಲ್ಲೇ ಚಿತೆ ಒಟ್ಟಿ ಸಂಸ್ಕಾರವನ್ನು ತಾವೊಬ್ಬರೇ ಮುಗಿಸಿದರು. ವಿಧಿನಿಷೇಧಗಳಲ್ಲಿ ಅಷ್ಟು ಕಟ್ಟುನಿಟ್ಟಾದ ಪರಂಪರೆ ಇದನ್ನು ಅವರ ದೋಷವೆಂದು ಎಂದೂ ಎಣಿಸಿಲ್ಲ.