ಇಂದಿನ ಧಮ್ಮ ಚಿಂತನೆ: ಮತ್ತೆ ಕುಡಿದವನು ವಿಹಾರದಲ್ಲಿ ಎಲ್ಲಿ ಕೂರಬೇಕು?

 

ಹಂಗೇರಿ ದೇಶದ ಈಶಾನ್ಯ ಭಾಗದಲ್ಲಿರುವ ಶಾಯೋಕಾಜಾ ಎಂಬ ಹಳ್ಳಿಯಲ್ಲಿ ಬಾಬಾಸಾಹೇಬರ ಹೆಸರಿನ ಶಾಲೆ ಶುರುವಾಗಿತ್ತು ಎಂಬುದು ನಮ್ಮಲ್ಲಿ ಕೆಲವರಿಗೆ ಗೊತ್ತು. ರೋಮಾ ಸಮುದಾಯದ ಯಾನೋಶ್ ಓರ್ಶೋಶ್ ಮತ್ತು ಅವರ ಜೊತೆಗಾರ ಟಿಬೋರ್ ದೆರ್ದಾಕ್ ಬಾಬಾಸಾಹೇಬರ ಬಗ್ಗೆ ಓದಿ, ಮಹಾರಾಷ್ಟ್ರದ ನಮ್ಮ ಬೌದ್ಧ ಬಂಧುಗಳನ್ನು ಕಂಡು, 2007ರಲ್ಲಿ 'ಜೈಭೀಮ್' ಎಂಬ ಹೆಸರಿನಲ್ಲೇ ಅಲ್ಲೊಂದು ಬಳಗ ಕಟ್ಟಿದರು. ಆ ಸುದ್ದಿ ಓದಿದಾಗ ಹೆಮ್ಮೆ ಅನಿಸುತ್ತದೆ. ಆದರೆ ಇಂದು ನಾನು ಬರೆಯಹೊರಟಿರುವುದು ಹೆಮ್ಮೆಯ ವಿಷಯವಲ್ಲ. ರೋಮಾ ಕೇರಿಗಳಲ್ಲೂ ನಮ್ಮ ಕೇರಿಗಳಲ್ಲೂ ಮನೆಗಳನ್ನು ಮುರಿಯುತ್ತಿರುವ ಕುಡಿತ, ಮಾದಕ ವಸ್ತು, ಮನಸ್ಸಿನ ಕಾಯಿಲೆಗಳ ಮುಂದೆ ಒಂದು ಧರ್ಮದ ಬಳಗ ಏನು ಮಾಡಬಲ್ಲದು?

ರೋಮಾ ಜನರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದ ವಾಯವ್ಯ ಕಡೆಯಿಂದ ಹೊರಟವರು. ಇವತ್ತಿಗೂ ಅವರ ಮಾತಿನಲ್ಲಿ ನೀರು 'ಪಾನಿ', ಮೂಗು 'ನಾಕ್'. 'ಜಿಪ್ಸಿ' ಎಂಬುದು ಅವರು ಈಜಿಪ್ಟಿನವರೆಂದು ತಪ್ಪು ತಿಳಿದು ಹೊರಗಿನವರು ಇಟ್ಟ ಹೆಸರು. ಹೊರಗಿನವರು ಇಟ್ಟ ಹೆಸರನ್ನು ಹೊತ್ತು ಬದುಕುವುದು ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಈಗಿನ ರೊಮೇನಿಯಾದ ಪ್ರಾಂತ್ಯಗಳಲ್ಲಿ 1850ರ ದಶಕದವರೆಗೂ ಅವರು ಗುಲಾಮರಾಗಿದ್ದರು. ನಾಜಿಗಳು ಅವರನ್ನು ಲಕ್ಷಗಟ್ಟಲೆ ಕೊಂದರು. ಜೆಕ್ ದೇಶದಲ್ಲಿ ಅವರ ಮಕ್ಕಳನ್ನು ಬುದ್ಧಿಮಾಂದ್ಯ ಮಕ್ಕಳ ಶಾಲೆಗೆ ತಳ್ಳುತ್ತಿದ್ದರು. ಅದು ತಾರತಮ್ಯ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿದ್ದು 2007ರಲ್ಲಿ. ಹಂಗೇರಿಯ ಶಾಯೋಕಾಜಾ ಸುತ್ತಿನಲ್ಲಿ 1989ರ ನಂತರ ಗಣಿಗಳೂ ಉಕ್ಕಿನ ಕಾರ್ಖಾನೆಗಳೂ ಮುಚ್ಚಿದಾಗ ಮೊದಲು ಕೆಲಸ ಹೋದದ್ದು ಇವರದೇ. ಇಷ್ಟೆಲ್ಲ ಆದ ಮೇಲೂ "ಅವರು ಕುಡುಕರು, ಅದಕ್ಕೇ ಉದ್ಧಾರವಾಗಲ್ಲ" ಎನ್ನುವವರು ಅಲ್ಲಿಯೂ ಇದ್ದಾರೆ.

ಈಗ ಸ್ಪೇನಿಗೆ ಬನ್ನಿ. ಅಲ್ಲಿ ರೋಮಾಗಳಿಗೆ 'ಹಿತಾನೋ' ಎನ್ನುತ್ತಾರೆ. 1980ರ ದಶಕದಲ್ಲಿ ದೊಡ್ಡ ನಗರಗಳ ಅಂಚಿನ ಬಡವರ ಬಡಾವಣೆಗಳಿಗೆ ಹೆರಾಯಿನ್ ನುಗ್ಗಿತು. ಒಂದು ತಲೆಮಾರಿನ ಹುಡುಗರು ಅದಕ್ಕೆ ಬಲಿಯಾದರು, ಸೂಜಿಯ ಮೂಲಕ ಏಡ್ಸ್ ಹಬ್ಬಿತು. ಆಗ ಹಲವು ಹಿತಾನೋ ಕುಟುಂಬಗಳು ಆಸರೆ ಕಂಡದ್ದು ತಮ್ಮದೇ ಜನ ನಡೆಸುತ್ತಿದ್ದ ಫಿಲಡೆಲ್ಫಿಯಾ ಎಂಬ ಪೆಂಟೆಕೋಸ್ಟಲ್ ಚರ್ಚಿನಲ್ಲಿ. ಈ ಚಳವಳಿ 1950ರ ದಶಕದಲ್ಲಿ ಫ್ರಾನ್ಸಿನ ಕ್ಲೆಮಾಂ ಲ ಕೊಸೆಕ್ ಎಂಬ ಪಾದ್ರಿಯಿಂದ ಶುರುವಾಗಿತ್ತು. ದ್ರಾಕ್ಷಿ ಕೊಯ್ಲಿನ ಕೂಲಿಗೆ ಫ್ರಾನ್ಸಿಗೆ ಹೋದ ಹಿತಾನೋಗಳು ಅದನ್ನು ಸ್ಪೇನಿಗೆ ತಂದರು.

ಅವರ ದೇವರು ನಮ್ಮ ಮಾತಲ್ಲ. ಆದರೆ ಅಲ್ಲಿ ನಡೆದದ್ದನ್ನು ಕಣ್ಣಿಟ್ಟು ನೋಡಬೇಕು. ಉಪದೇಶ ಮಾಡುವವರು ಅವರದೇ ಕೇರಿಯವರು, ಹೆಚ್ಚು ಓದದವರು, ಅವರಲ್ಲಿ ಕೆಲವರು ಸ್ವತಃ ಚಟದಿಂದ ಎದ್ದು ಬಂದವರು. ವಾರದ ಬಹುತೇಕ ಸಂಜೆ ಪ್ರಾರ್ಥನೆ, ತಮ್ಮದೇ ಧಾಟಿಯಲ್ಲಿ ಹಾಡು. ಅಣ್ಣ, ತಮ್ಮ, ಭಾವ, ಮಾವ ಎಲ್ಲರೂ ಒಟ್ಟಿಗೆ ಸೇರುವುದರಿಂದ ಕುಡಿಯಲು ಕರೆಯುವ ಜೊತೆಯೇ ಇಲ್ಲವಾಗುತ್ತದೆ. ಚಟ ಬಿಟ್ಟವನಿಗೆ ದಿನದಲ್ಲಿ ಅತಿ ಕಷ್ಟದ ಹೊತ್ತು ಸಂಜೆ. ಆ ಹೊತ್ತಿಗೆ ಅವನಿಗೊಂದು ಜಾಗ ಸಿಕ್ಕಿತು, ಅಲ್ಲಿ ಅವನು 'ಸಹೋದರ' ಆದ. ಬಿಡಿಸಿದ್ದು ದೇವರೋ ಜನರೋ ಎಂದು ಕೇಳಿದರೆ ನಾನು ಜನರು ಎನ್ನುತ್ತೇನೆ.

ಅವರಲ್ಲಿ ಚಟವನ್ನು ಸೈತಾನನ ಕೆಲಸ ಎನ್ನುತ್ತಾರೆ. ಇದರಿಂದ ಒಂದು ಲಾಭ ಉಂಟು, ತಪ್ಪು ಆ ಮನುಷ್ಯನ ಹುಟ್ಟಿನದಲ್ಲ ಎಂದಾಗುತ್ತದೆ. ನಷ್ಟವೂ ಉಂಟು, ಸೈತಾನನಿಗೆ ಡಾಕ್ಟರ ಮಾತ್ರೆ ಯಾಕೆ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿ ಸೈತಾನನ ಜಾಗದಲ್ಲಿ ಕೂತಿರುವುದು ಹಿಂದಿನ ಜನ್ಮದ ಕರ್ಮ. ಈ ವಿವರಣೆಯನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಿರಸ್ಕರಿಸಿದ್ದಾರೆ. ಆದರೂ ಖಿನ್ನತೆಯಿಂದ ಊಟ ಬಿಟ್ಟ ಹೆಂಗಸಿಗೆ "ಏನು ಪಾಪ ಮಾಡಿದ್ದೆಯೋ" ಎನ್ನುವ ನಾಲಿಗೆ ದೀಕ್ಷೆಯ ನಂತರವೂ ನಮ್ಮಲ್ಲಿ ಕೆಲವರಿಗೆ ಉಳಿದಿದೆ.

ಇನ್ನು ಬಿಟ್ಟವನು ಮತ್ತೆ ಕುಡಿದರೆ? ಪ್ರಶ್ನೆ ಇರುವುದು ಇಲ್ಲಿಯೇ. ಮದ್ಯ, ತಂಬಾಕು ಮುಟ್ಟದಿರುವುದೇ ಗುರುತಾಗಿರುವ ಬಳಗದಲ್ಲಿ ಜಾರಿದವನು ಚಟದ ಜೊತೆಗೆ ಮಾನವನ್ನೂ ಕಳೆದುಕೊಳ್ಳುತ್ತಾನೆ. ನಾಚಿಕೆಯಿಂದ ದೂರವಾಗುತ್ತಾನೆ, ದೂರವಾದಷ್ಟೂ ಕುಡಿಯುತ್ತಾನೆ. ನಮ್ಮಲ್ಲೂ ಅದೇ. ನನ್ನ ವಿದ್ಯಾರ್ಥಿಯೊಬ್ಬನ ಅಪ್ಪ ಗಾರೆ ಕೆಲಸದವರು. ಒಂದು ವರ್ಷ ಕುಡಿತ ಬಿಟ್ಟಿದ್ದರು, ಪ್ರತಿ ಭಾನುವಾರ ವಂದನೆಗೆ ಬರುತ್ತಿದ್ದರು. ನಂತರ ಕಾಣಲಿಲ್ಲ. ಕೇಳಿದ್ದಕ್ಕೆ, "ಐದನೇ ಶೀಲ ಹೇಳೋ ಹೊತ್ತಿಗೆ ಎಲ್ರೂ ನನ್ ಕಡೇನೇ ನೋಡ್ತಾರೆ ಸಾರ್" ಎಂದರು.

ನಾವು ಪಂಚಶೀಲದಲ್ಲಿ ಹೇಳುವ ಪಾಲಿ ಪದ 'ಸಿಕ್ಖಾಪದ'. ಸಂಸ್ಕೃತದಲ್ಲಿ ಶಿಕ್ಷಾಪದ. ಕನ್ನಡಕ್ಕೆ ಬರುವಾಗ 'ಶಿಕ್ಷೆ' ದಂಡನೆಯಾಯಿತು, 'ಶಿಕ್ಷಣ' ಮಾತ್ರ ಕಲಿಕೆಯಾಗಿ ಉಳಿಯಿತು. ಸಿಕ್ಖಾ ಎಂದರೆ ಕಲಿಕೆ, ಅಭ್ಯಾಸ. ಒಮ್ಮೆ ಹೇಳಿದರೆ ಸಾಕಾಗುವಂತಿದ್ದರೆ ಪ್ರತಿ ವಂದನೆಯಲ್ಲೂ ಅದನ್ನು ಮತ್ತೆ ಹೇಳುವ ಅಗತ್ಯವೇ ಇರಲಿಲ್ಲ. ಮಗ್ಗಿ ತಪ್ಪಿದ ಹುಡುಗನನ್ನು ತರಗತಿಯಿಂದ ಹೊರಗೆ ಹಾಕಿದರೆ ಅವನು ಮಗ್ಗಿ ಕಲಿಯುವುದೆಲ್ಲಿ?

ವಿನಯದಲ್ಲಿ ಸಾಗತ ಥೇರನ ಕಥೆ ಬರುತ್ತದೆ. ಘೋರ ನಾಗನನ್ನೇ ಗೆದ್ದವನೆಂದು ಹೆಸರಾದವನು. ಕೋಸಂಬಿಯ ಜನ ಅಭಿಮಾನದಿಂದ ಮನೆಮನೆಯಲ್ಲೂ ಮದ್ಯ ಕೊಟ್ಟರು; ಕುಡಿದು ಊರ ಬಾಗಿಲಲ್ಲಿ ಬಿದ್ದ. ಅದೇ ದಾರಿಯಲ್ಲಿ ಬಂದ ಭಗವಾನರು ಅವನನ್ನು ಎತ್ತಿಕೊಂಡು ಬರುವಂತೆ ಭಿಕ್ಖುಗಳಿಗೆ ಹೇಳಿದರು. ಮದ್ಯ ಕುಡಿಯಬಾರದೆಂಬ ನಿಯಮ ಬಂದದ್ದು ಆಮೇಲೆ. ಆ ನಿಯಮವೂ ಸಂಘದಿಂದ ಹೊರಹಾಕುವ ನಾಲ್ಕು ಪಾರಾಜಿಕಗಳಲ್ಲಿ ಸೇರಿಲ್ಲ. ಅದು ಪಾಚಿತ್ತಿಯ: ಇನ್ನೊಬ್ಬ ಭಿಕ್ಖುವಿನ ಮುಂದೆ ತಪ್ಪು ಹೇಳಿಕೊಂಡು ಸಂಘದಲ್ಲೇ ಮುಂದುವರಿಯುವಂಥದ್ದು. ಭಿಕ್ಖುವಿಗೇ ಇಷ್ಟು ಅವಕಾಶವಿರುವಾಗ ಗಾರೆ ಕೆಲಸದವರಿಗೆ ಅದಕ್ಕಿಂತ ಕಠಿಣ ನಿಯಮ ಮಾಡಲು ನಾವು ಯಾರು?

ಇದಕ್ಕೆ ಒಬ್ಬ ಅಕ್ಕ ಕೊಟ್ಟ ಉತ್ತರವನ್ನೂ ಬರೆಯಲೇಬೇಕು. "ನೀವು ವಿಹಾರದಲ್ಲಿ ಕ್ಷಮಿಸ್ತೀರಿ ಮೇಷ್ಟ್ರೇ, ರಾತ್ರಿ ಏಟು ತಿನ್ನೋಳು ನಾನು." ಆ ಮಾತು ನ್ಯಾಯವಾದದ್ದು. 22 ಪ್ರತಿಜ್ಞೆಗಳಲ್ಲಿ ಮದ್ಯದ ಮಾತನ್ನು ಬಾಬಾಸಾಹೇಬರು ಸುಮ್ಮನೆ ಸೇರಿಸಲಿಲ್ಲ. ಬಿದ್ದವನಿಗೆ ಬಾಗಿಲು ತೆರೆದಿರಬೇಕು, ಆದರೆ ಅವನ ಹೆಂಡತಿ ಮಕ್ಕಳು ಆ ರಾತ್ರಿ ಎಲ್ಲಿ ಮಲಗುತ್ತಾರೆಂದು ಬಳಗ ಮೊದಲು ಕೇಳಬೇಕು. ಇದನ್ನು ಬಿಟ್ಟು ಮಾಡುವ ಕರುಣೆ ಗಂಡಸರು ಗಂಡಸರಿಗೆ ತೋರಿಸುವ ಕರುಣೆಯಷ್ಟೇ.

ಔಷಧದ ಮಾತು. ವರ್ಷಗಟ್ಟಲೆ ಕುಡಿದವರು ಒಂದೇ ದಿನಕ್ಕೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಕಲಕಬಹುದು, ಪ್ರಾಣಕ್ಕೂ ಅಪಾಯ. ಆದ್ದರಿಂದ ಯಾರಿಂದಲೂ ವಿಹಾರದಲ್ಲಿ ಆಣೆ ಮಾಡಿಸಿ ನಿಲ್ಲಿಸಬೇಡಿ, ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು, ಹಣವಿಲ್ಲ. ಧ್ಯಾನ ಒಳ್ಳೆಯದೇ, ಆದರೆ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಧ್ಯಾನಕ್ಕೆ ಕೂರಿ ಎಂದು ಯಾರೂ ಹೇಳಬಾರದು.

ನಮ್ಮ ವಿಹಾರ ತೆರೆಯುವುದು ಭಾನುವಾರ ಬೆಳಿಗ್ಗೆ. ಬಟವಾಡೆ ಆಗುವುದು ಶನಿವಾರ ಸಂಜೆ. ನಡುವಿನ ಆ ರಾತ್ರಿಯಲ್ಲೇ ಎಲ್ಲ ಆಗಿಹೋಗಿರುತ್ತದೆ. ಈ ಶನಿವಾರದಿಂದ ಆರಕ್ಕೆ ಬಾಗಿಲು ತೆರೆದು ಒಂಬತ್ತರವರೆಗೆ ಕೂರೋಣವೆಂದು ನಾವು ಮೂವರು ಮಾತಾಡಿಕೊಂಡಿದ್ದೇವೆ. ಪ್ರವಚನ ಇರುವುದಿಲ್ಲ. ಟೀ ಇರುತ್ತದೆ, ಕೇರಂ ಬೋರ್ಡ್ ಇದೆ, ಪತ್ರಿಕೆ ಓದಬಹುದು. ಕುಡಿದು ಬಂದವರನ್ನೂ ಕೂರಿಸುತ್ತೇವೆ, ಜಗಳ ಮಾಡಿದರೆ ಮನೆಗೆ ಬಿಟ್ಟು ಬರುತ್ತೇವೆ. ಮಹಿಳೆಯರಿಗೆ ಹಿಂದಿನ ಕೋಣೆ ಇದೆ, ಇಬ್ಬರು ಅಕ್ಕಂದಿರು ಅಲ್ಲಿರಲು ಒಪ್ಪಿದ್ದಾರೆ. ಬೀಗದ ಕೈ ನನ್ನ ಹತ್ತಿರ ಇರುತ್ತದೆ.

ಜೈಭೀಮ್.